ಪಾಲಿಗೆ ಸಾಕಿದ ಸ್ಟ್ರಾಬೆರಿ

ಕುಲಗೋಡದ ಉದ್ದವ್ವ ತನ್ನ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಮೂವತ್ತೈದು ವರ್ಷ ಕರಕಿ ಕಿತ್ತಿದ್ದಾಳೆ. ಕರಕಿ ಅಂದರೆ ಗಣಪತಿಗೆ ಏರಿಸುವ ಗರಿಕೆ. ದೇವರ ತಲೆಯ ಮೇಲಿದ್ದಾಗ ಅದಕ್ಕೆ ಮರ್ಯಾದೆ; ಕಬ್ಬಿನ ಸಾಲಿನಲ್ಲಿದ್ದಾಗ ಅದರಷ್ಟು ಹಲ್ಕಟ್ ಕಸ ಇನ್ನೊಂದಿಲ್ಲ. ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೆ ಸಾಕು, ಎಂಟು ದಿನಕ್ಕೆ ಬೇರು ಬಿಟ್ಟು, ಬಳ್ಳಿ ಚಾಚಿ, ಮುಂದಿನ ಗೆಣ್ಣಿಗೂ ಬೇರು ಇಳಿಸಿ ಸಂಸಾರ ಹೂಡಿಬಿಡುತ್ತದೆ. ಈ ಶತ್ರುವಿನ ಹುಟ್ಟುಗುಣ ಎಲ್ಲವನ್ನೂ ಉದ್ದವ್ವ ಕಳೆ ಕೀಳುವ ಕುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಅಭ್ಯಾಸ ಮಾಡಿದವಳು. ಇಷ್ಟು ವರ್ಷ ಯಾವುದಾದರೂ ಕಾಲೇಜಿನಲ್ಲಿ ಕೂತಿದ್ದರೆ ಹೆಸರಿಗೆ ಡಾಕ್ಟರ್ ಅಂತ ಹತ್ತುತ್ತಿತ್ತು. ಹೊಲದಲ್ಲಿ ಕೂತದ್ದಕ್ಕೆ ಮೊಣಕಾಲು ನೋವು ಹತ್ತಿದೆ.

ಅವಳದೊಂದು ಗುಂಪು, ಎಂಟು ಹೆಂಗಸರದ್ದು. ಯಾವತ್ತು ಯಾರ ಹೊಲಕ್ಕೆ ಹೋಗುವುದು, ಎಷ್ಟೊತ್ತಿಗೆ ಹೊರಡುವುದು, ಎಷ್ಟೊತ್ತಿಗೆ ರೊಟ್ಟಿ ಬಿಚ್ಚುವುದು, ಎಲ್ಲ ಉದ್ದವ್ವ ಹೇಳಿದಂತೆ. ಅವಳ ಬಾಜೂ ಸಾಲು ಹಿಡಿಯುವವಳು ಗೌರವ್ವ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಉದ್ದವ್ವನ ಗಂಡ ಹನಮಂತನಿಗೆ ನಾಲ್ಕು ಆಡು, ಕಡಿಮೆ ಮಾತು. ಮಗಳು ಸುಮನ ಹುಕ್ಕೇರಿಯ ಒಂದು ದವಾಖಾನೆಯಲ್ಲಿ ನರ್ಸ್. ಉದ್ದವ್ವನಿಗೆ ಹೊಲ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಇರುವುದು ಒಂದೇ: ಉದ್ದವ್ವ ಬಂದಳೆಂದರೆ ಮಾಲಕ ಬದುವಿನ ಮೇಲೆ ನಿಂತು ಕಾಯಬೇಕಾಗಿಲ್ಲ, ಒಂದು ಸೌತೆಕಾಯಿಯೂ ಎಣಿಕೆ ತಪ್ಪುವುದಿಲ್ಲ ಎಂಬ ಹೆಸರು. ಆ ಹೆಸರಿನ ಮೇಲೆಯೇ ಮನೆ ನಡೆದಿತ್ತು, ಮಗಳು ಓದಿದ್ದಳು.

ಇನ್ನು ಅಲ್ಲಪ್ಪ ಸಾವ್ಕಾರನ ವಿಷಯ. ಅವನು ಪ್ರಗತಿಪರ ರೈತ. ಹಾಗಂತ ಯಾರು ಹೇಳಿದರು ಎಂದು ಕೇಳಬೇಡಿ, ಅವನೇ ಮೂಡಲಗಿಗೆ ಹೋಗಿ ಬ್ಯಾನರ್ ಮೇಲೆ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಾನೆ. ಊರಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಎರಡು, ಎರಡೂ ಅವನವು. ಹಾಗಾಗಿ ಅವನು ಪ್ರಗತಿಪರ ಅಂದರೆ ಊರು ಹೌದೆನ್ನುತ್ತದೆ. ನಾಳೆ ನಾನು ಹಾಡುಗಾರ ಎಂದರೂ ಹೌದೆನ್ನುತ್ತದೆ, ಕಬ್ಬು ಒಣಗಬಾರದಲ್ಲ.

ಎರಡು ವರ್ಷದ ಹಿಂದಿನ ದೀಪಾವಳಿಗೆ ಮುಂಚೆ ಈ ಅಲ್ಲಪ್ಪ ಮಹಾಬಳೇಶ್ವರದಿಂದ ಸ್ಟ್ರಾಬೆರಿ ಸಸಿ ತಂದ. ಒಂದು ವಾರ ಊರಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಹತ್ತು ಗುಂಟೆಗೆ ಪ್ಲಾಸ್ಟಿಕ್ ಹಾಸಿ ಸಸಿ ಹಚ್ಚಿಸಿದ. ಹಚ್ಚಿದವರು ಉದ್ದವ್ವನ ಗುಂಪಿನವರು. ಫೋಟೋದಲ್ಲಿ ಬಂದವನು ಅಲ್ಲಪ್ಪ. ಸಂಕ್ರಾಂತಿ ಹೊತ್ತಿಗೆ ಹಣ್ಣೂ ಆಯಿತು. ಕೆಂಪಗೆ, ಹೆಬ್ಬೆಟ್ಟಿನಷ್ಟು, ಹುಳಿ ಅಂದರೆ ಹುಣಸೆಯೇ ನಾಚಬೇಕು. ಬೀಗರಿಗೆ ಒಂದು ಡಬ್ಬಿ, ಬ್ಯಾಂಕಿನವರಿಗೆ ಒಂದು ಡಬ್ಬಿ, ಉಳಿದದ್ದು ಗೋಕಾಕದ ಪೇಟೆಗೆ. ತಿಂದವರೆಲ್ಲ ಕಣ್ಣು ಮುಚ್ಚಿ 'ಭಾರಿ ಐತ್ರಿ' ಅಂದರು. ಕಣ್ಣು ಮುಚ್ಚಿದ್ದು ಯಾಕೆ ಎಂದು ಅಲ್ಲಪ್ಪ ವಿಚಾರ ಮಾಡಲಿಲ್ಲ.

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಗಿಡಗಳು ಬಳ್ಳಿ ಬಿಡತೊಡಗಿದವು. ಒಂದೊಂದು ಗಿಡದ ಬುಡದಿಂದ ಕೆಂಪು ದಾರದಂಥ ನಾಲ್ಕೈದು ಬಳ್ಳಿ, ಬಳ್ಳಿಯ ತುದಿಗೆ ಪುಟ್ಟ ಎಲೆಗೊಂಚಲು. ಅಲ್ಲಪ್ಪ ಮೊಬೈಲ್ ನೋಡಿದ. ಮೊಬೈಲಿನಲ್ಲಿದ್ದವನು ಹಿಂದಿಯಲ್ಲಿ 'ಇದು ರನ್ನರ್, ಇದು ಗಿಡದ ಶಕ್ತಿ ಹೀರುತ್ತದೆ, ಹಣ್ಣು ಬೇಕಾದರೆ ಕತ್ತರಿಸಿ' ಅಂದ. ಆ ವಿಡಿಯೋದ ಎರಡನೇ ಭಾಗದಲ್ಲಿ 'ಸಸಿ ಬೇಕಾದರೆ ಉಳಿಸಿಕೊಳ್ಳಿ' ಅಂತಲೂ ಇತ್ತು. ಆದರೆ ಪ್ರಗತಿಪರರಿಗೆ ಎರಡನೇ ಭಾಗದವರೆಗೆ ಪುರುಸೊತ್ತು ಎಲ್ಲಿ?

"ಉದ್ದವ್ವಾ, ಈ ಬಳ್ಳಿ ಎಲ್ಲಾ ಕತ್ತರಿಸಿ ತಿಪ್ಪಿಗೆ ಒಗೀರಿ," ಅಂದ.

ಉದ್ದವ್ವ ಒಂದು ಬಳ್ಳಿ ಎತ್ತಿ ನೋಡಿದಳು. ಎಲೆಗೊಂಚಲ ಕೆಳಗೆ ಬಿಳೀ ಮೊಳಕೆಯಂಥ ಬೇರಿನ ತುದಿಗಳು ಇಣುಕುತ್ತಿದ್ದವು. ಅವಳಿಗೆ ನಗು ಬಂತು. ಮೂವತ್ತೈದು ವರ್ಷ ತಾನು ಜಗಳಾಡಿದ ಕರಕಿಯ ತಂಗಿಯೇ ಮಹಾಬಳೇಶ್ವರದಿಂದ ಗಾಡಿ ಹತ್ತಿ ಬಂದಂತಾಗಿತ್ತು.

"ಸಾವ್ಕಾರ್ರ, ಇವು ಬೇರ ಬಿಡಾಕತ್ತಾವ್ರಿ. ಒಗಿಯೂದ ಏನ್ರಿ?"

"ಮತ್ತೇನ ಉಪ್ಪಿನಕಾಯಿ ಹಾಕ್ತೀ ಏನ? ಒಗಿ ಅಂದ್ರ ಒಗಿ."

ಒಗೆದರು. ಎಂಟು ಬುಟ್ಟಿ ಬಳ್ಳಿ ತಿಪ್ಪೆ ಸೇರಿತು. ಸಂಜೆ ಮನೆಗೆ ಹೋಗುವಾಗ ಉದ್ದವ್ವ ಅದರಲ್ಲಿ ಬೇರು ಕಂಡವನ್ನಷ್ಟೇ ಆರಿಸಿ ಒದ್ದೆ ಸೆರಗಿನಲ್ಲಿ ಕಟ್ಟಿಕೊಂಡಳು. ಗೌರವ್ವ ನೋಡಿದಳು, ಸಾವ್ಕಾರನ ಆಳು ನೋಡಿದ, ಬದುವಿನ ಮೇಲೆ ಮೊಬೈಲ್ ನೋಡುತ್ತಿದ್ದ ಸಾವ್ಕಾರನೂ ತಲೆ ಎತ್ತಿ ನೋಡಿ, "ಮ್ಯಾಕಿಗೇನ?" ಅಂದ. ಉದ್ದವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನಕ್ಕು ಹೊರಟಳು.

ಬಚ್ಚಲ ಹಿಂದೆ ಬೇವಿನ ನೆರಳಿತ್ತು. ಹಾಲಿನ ಖಾಲಿ ಪಾಕೀಟುಗಳ ತಳಕ್ಕೆ ತೂತು ಹೊಡೆದು, ಕೆಂಪು ಮಣ್ಣಿಗೆ ಹಳೆಯ ಆಡಿನ ಹಿಕ್ಕೆ, ಹಳ್ಳದ ಉಸುಕು ಬೆರೆಸಿ ತುಂಬಿದಳು. ಒಂದೊಂದು ಗೊಂಚಲನ್ನು ಮಣ್ಣಿನ ಮೇಲೆ ಕೂರಿಸಿದಳು. ಹೂಳಲಿಲ್ಲ, ಕೂರಿಸಿದಳು. ಬೇರು ಒಳಗೆ, ನಡುವಿನ ಚಿಗುರುಗಣ್ಣು ಹೊರಗೆ. ಅಲುಗಾಡದಂತೆ ಕಸಬರಿಗೆಯ ಕಡ್ಡಿಯನ್ನು ಮಡಚಿ ಬಳ್ಳಿಗೆ ಕೀಲು ಹಾಕಿದಳು; ಕಡ್ಡಿ ಮುಗಿದ ಮೇಲೆ ಸುಮನಳ ಹಳೆಯ ಹೇರ್ ಪಿನ್ನುಗಳು ಕೆಲಸಕ್ಕೆ ಬಂದವು. ಮೇಲೆ ಹಳೇ ಸೀರೆ ಕಟ್ಟಿ ನೆರಳು ಮಾಡಿ, ಮುಂಜಾನೆ ಸಂಜೆ ಕೈಯಿಂದ ನೀರು ಚಿಮುಕಿಸಿದಳು. ಬೇಸಿಗೆಗೆ ಕೆಲವು ಹೋದವು. ಉಳಿದವು ಗಟ್ಟಿಯಾಗಿ ಉಳಿದವು. ರೋಹಿಣಿ ಮಳೆಯ ಹೊತ್ತಿಗೆ ಅವು ತಾವೇ ತಾಯಿಗಿಡವಾಗಿ ಬಳ್ಳಿ ಬಿಡಲು ಶುರುಮಾಡಿದವು. ಅವಳು ಬಳ್ಳಿಯ ಮುಂದೆ ಇನ್ನೊಂದು ಪಾಕೀಟು ಇಟ್ಟಳು. ಅಲ್ಲಿ ಬೇರು ಹಿಡಿದ ಮೇಲೆ ಬಳ್ಳಿ ಮುಂದೆ ಹರಿಯಿತು, ಅದರ ಮುಂದೆ ಮತ್ತೊಂದು ಪಾಕೀಟು. ತಿಂಗಳು ತುಂಬುವ ತನಕ ತಾಯಿಯಿಂದ ಬಳ್ಳಿ ಕತ್ತರಿಸುತ್ತಿರಲಿಲ್ಲ. ಆಮೇಲೆ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸುತ್ತಿದ್ದಳು.

ನಡುವೆ ಗಿಡಕ್ಕೆ ಹೂವು ಬಂದರೆ ಚಿವುಟಿ ಒಗೆಯುತ್ತಿದ್ದಳು. ಇದನ್ನು ನೋಡಿ ಓಣಿಯ ಹೆಂಗಸರು ಉದ್ದವ್ವನಿಗೆ ತಲೆ ಕೆಟ್ಟಿದೆ ಎಂದು ನಿಶ್ಚಯ ಮಾಡಿದರು. ಹನಮಂತನೂ ಬಾಯಿ ಬಿಟ್ಟ.

"ಹೂವ ಕಿತ್ತ ಒಗದ್ರ ಹಣ್ಣ ಎಲ್ಲಿಂದ ಬರ್ತೈತಿ?"

"ನನಗ ಹಣ್ಣ ಬ್ಯಾಡ, ಮರಿ ಬೇಕು. ನೀ ಎಲ್ಲಾ ಹಾಲ ಕರಕೊಂಡ್ರ ಮ್ಯಾಕಿಮರಿಗೆ ಏನ ಉಳಿತೈತಿ?"

ಹನಮಂತನಿಗೆ ತಿಳಿಯಿತು. ತನ್ನ ಭಾಷೆಯಲ್ಲಿ ಹೇಳಿದರೆ ಯಾರಿಗಾದರೂ ತಿಳಿಯುತ್ತದೆ.

ಇತ್ತ ಅಲ್ಲಪ್ಪನ ಹತ್ತು ಗುಂಟೆಯ ಕಥೆ. ಬೇಸಿಗೆ ಬಿಸಿಲಿಗೆ ಗಿಡ ಬಾಡಿದವು. ಬಾಡಿದ್ದಕ್ಕೆ ಕುಲಗೋಡದಲ್ಲಿ ಒಂದೇ ಔಷಧ, ಕಾಲುವೆ ನೀರು. ಕಬ್ಬಿಗೆ ಬಿಡುವಂತೆ ಸಾಲು ತುಂಬ ನೀರು ಬಿಟ್ಟ. ನಾಲ್ಕರಲ್ಲಿ ಮೂರು ಪಾಲು ಗಿಡ ನಿಂತಲ್ಲೇ ಕೊಳೆತವು. ಅಷ್ಟರಲ್ಲಿ ಅವನು ಆ ವಿಡಿಯೋದ ಎರಡನೇ ಭಾಗವನ್ನು ನೋಡಿಬಿಟ್ಟಿದ್ದ. ನೋಡಿದವನು ಸುಮ್ಮನಿರಬೇಕೋ ಬೇಡವೋ? ಮೂಡಲಗಿಗೆ ಹೋಗಿ ಇನ್ನೊಂದು ಬ್ಯಾನರ್ ಮಾಡಿಸಿದ: 'ಸ್ವಂತ ಹೊಲದಲ್ಲೇ ತಯಾರಿಸಿದ ಸ್ಟ್ರಾಬೆರಿ ಸಸಿಗಳ ಕ್ಷೇತ್ರೋತ್ಸವ'. ಗಣಪತಿ ಕಳಿಸಿದ ಮರುವಾರಕ್ಕೆ ದಿನಾಂಕ. ತಾಲೂಕಿನ ಸಾಹೇಬರಿಗೆ, ಕೌಜಲಗಿಯ ಬೀಗರಿಗೆ, ಮಸಗುಪ್ಪಿಯ ದೊಡ್ಡ ರೈತರಿಗೆ ಎಲ್ಲರಿಗೂ ಆಮಂತ್ರಣ ಹೋಯಿತು. ಸಸಿ ಮಾತ್ರ ಇನ್ನೂ ಆಗಬೇಕಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಉಳಿದ ಗಿಡಗಳ ಬಳ್ಳಿ ಕತ್ತರಿಸಿ ಜೂನ್ ತಿಂಗಳಲ್ಲಿ ಸಸಿ ಮಾಡಲು ನಿಂತ. ಹೇಗೆ ಮಾಡಿದ ಕೇಳಿ. ಅವನಪ್ಪ, ಅವನಜ್ಜ ಕಬ್ಬಿನ ತುಂಡುಗಳನ್ನು ಹೇಗೆ ಸಾಲಿನಲ್ಲಿ ಅಡ್ಡ ಮಲಗಿಸಿ, ಕಾಲಿಂದ ತುಳಿದು, ಮಣ್ಣು ಮುಚ್ಚಿ, ನೀರು ಕಟ್ಟುತ್ತಿದ್ದರೋ ಥೇಟ್ ಹಾಗೆ. ಪಾಪ, ಆ ಎಳೆಯ ಬಳ್ಳಿಗಳನ್ನು ಮಲಗಿಸಿದ, ತುಳಿಸಿದ, ಮುಚ್ಚಿಸಿದ, ನೀರು ಕಟ್ಟಿಸಿದ.

ಉದ್ದವ್ವನಿಗೆ ತಡೆಯಲಾಗಲಿಲ್ಲ. "ಸಾವ್ಕಾರ್ರ, ಇದು ಕಬ್ಬಲ್ರಿ, ಕರಕಿ ಜಾತಿ ಐತಿ. ನಡಬರಕಿನ ಚಿಗರಗಣ್ಣ ಮುಚ್ಚಿದ್ರ ಕೊಳಿತೈತ್ರಿ."

"ನಲವತ್ತ ವರ್ಷ ಆತು ನಾ ಬೀಜಾ ಊರಾಕ ಹತ್ತಿ. ನನಗ ಕಲಸಾಕ ಬಂದಿ? ಕೈಲೆ ಕೆಲಸಾ ಮಾಡು, ಬಾಯಿಲೆ ಮಾಡಬ್ಯಾಡ."

ಉದ್ದವ್ವ ಕೈಯಿಂದಲೇ ಕೆಲಸ ಮಾಡಿದಳು. ಕಬ್ಬಾಗಿದ್ದರೆ ಹನ್ನೆರಡು ತಿಂಗಳಿಗೆ ಕಾರ್ಖಾನೆಗೆ ಹೋಗುತ್ತಿತ್ತು. ಸ್ಟ್ರಾಬೆರಿ ಹನ್ನೆರಡು ದಿನಕ್ಕೆ ಗೊಬ್ಬರಕ್ಕೆ ಹೋಯಿತು. ಅಲ್ಲಪ್ಪ ಮಹಾಬಳೇಶ್ವರಕ್ಕೆ ಫೋನ್ ಮಾಡಿದರೆ, ಅವರು ಹೊಸ ಸಸಿ ದಸರೆಯ ನಂತರವೇ ಎಂದರು. ಬ್ಯಾನರ್ ನೋಡಿದರೆ ಗಣಪತಿಯ ಮರುವಾರ ಎನ್ನುತ್ತಿತ್ತು.

ಜುಲೈ ಕೊನೆಗೆ ಒಂದು ದಿನ ಅವನು ಗೊಬ್ಬರ ಹಾಕಲು ಆಳು ಕರೆಯಲೆಂದು ಕೆಳಗಿನ ಓಣಿಗೆ ಬಂದ. ಉದ್ದವ್ವನ ಹಿತ್ತಲಿನ ಬಿದ್ದ ಗೋಡೆಯಾಚೆ ನೋಡಿದವನು ನಿಂತೇಬಿಟ್ಟ. ಸಾಲು ಸಾಲು ಹಾಲಿನ ಪಾಕೀಟು, ಒಂದೊಂದರಲ್ಲಿ ಹಸಿರು ಮೂರೆಲೆ, ಕೊಳೆತದ್ದು ಒಂದೂ ಇಲ್ಲ. ಆಗ ಅವನು ಏನು ಮಾಡಬಹುದಿತ್ತು? 'ಉದ್ದವ್ವಾ, ನಾಲ್ಕು ಸಸಿ ಕೊಡು' ಅಂದಿದ್ದರೆ ಅವಳು ಚಹಾ ಕುಡಿಸಿ ಕೊಡುತ್ತಿದ್ದಳು. ಆದರೆ ಕೆಳಗಿನ ಓಣಿಯವಳ ಹತ್ತಿರ, ಅದೂ ಕಸ ಕೀಳುವವಳ ಹತ್ತಿರ, ಸಾವ್ಕಾರ ಕೈಯೊಡ್ಡುವುದು ಹೇಗೆ? ಬಂದ ಹಾದಿಯಲ್ಲೇ ತಿರುಗಿ ಹೋದ. ಮರುದಿನ ಮುಂಜಾನೆ ಗೋಕಾಕದ ಬಸ್ಸು ನಿಲ್ಲುವ ಹೊತ್ತಿಗೆ, ನಾಕಾದ, ಅಂದರೆ ಊರ ಮುಂದಿನ ಕೂಡುರಸ್ತೆಯ, ಚಹಾದಂಗಡಿಯ ಮುಂದೆ ಅರ್ಧ ಊರು ನೆರೆದಿದ್ದಾಗ, ಗುಂಪಿನ ಜೊತೆ ನಿಂತಿದ್ದ ಉದ್ದವ್ವನಿಗೆ ಬೆರಳು ತೋರಿಸಿ ಒದರಿದ:

"ನೋಡ್ರಿ ಈ ಕಳ್ಳಿನ! ನನ್ನ ಹೊಲದಾಗಿನ ಸ್ಟ್ರಾಬರಿ ಕದ್ದ ಮನ್ಯಾಗ ತ್ವಾಟಾ ಮಾಡ್ಯಾಳ!"

ಉದ್ದವ್ವನ ಮೈಯೆಲ್ಲ ಉರಿದುಹೋಯಿತು. "ಬಾಯಿ ಬಿಗಿ ಹಿಡದ ಮಾತಾಡ್ರಿ ಸಾವ್ಕಾರ್ರ! ತಿಪ್ಪಿಗೆ ಒಗಿ ಅಂದಾವ್ರ ನೀವ. ತಿಪ್ಪಿಯಿಂದ ಆರಿಸ್ಕೊಂಡೇನಿ, ನಿಮ್ಮ ಕಣ್ಣ ಮುಂದನ."

"ತಿಪ್ಪಿ ಯಾರದು? ನನ್ನ ತಿಪ್ಪ್ಯಾಗಿಂದು ನಂದ!"

ಇಲ್ಲಿ ಅವನ ಮಾತಿಗೆ ಸ್ವಲ್ಪ ಬಲವಿತ್ತು. ಕುಲಗೋಡದಲ್ಲಿ ಒಬ್ಬರ ತಿಪ್ಪೆಯ ಗೊಬ್ಬರ ಇನ್ನೊಬ್ಬರು ಮುಟ್ಟುವುದಿಲ್ಲ. ತಿಪ್ಪೆಗೂ ಹೊಲದ ಹಾಗೆ ಉತಾರ, ಪಹಣಿ ಇದ್ದಂತೆಯೇ ನಡೆದುಕೊಳ್ಳುತ್ತಾರೆ. ಜನ ನೆಲ ನೋಡಿದರು. ಬಸ್ಸು ಬಂತು, ಹತ್ತುವವರು ಹತ್ತಿದರು. 'ಅವಳು ಅಂಥವಳಲ್ಲ' ಎಂದು ಒಂದು ಗಂಟಲಿನಿಂದಲೂ ಬರಲಿಲ್ಲ.

ಅವಳು ಕಳ್ಳಿ ಎಂದು ಊರಲ್ಲಿ ಯಾರೂ ನಂಬಲಿಲ್ಲ. ನಂಬದೇನೇ ಅವಳನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಮಳೆಗಾಲದ ಕಸ ಎದೆಮಟ್ಟ ಬಂದಿತ್ತು, ಗೋವಿನಜೋಳದ ಸಾಲು ಕಾಣದ ಹಾಗೆ ಕರಕಿ ಹಬ್ಬಿತ್ತು, ಆದರೂ ರೈತರು ಗೌರವ್ವನ ಹತ್ತಿರ ಬಂದು, "ಉದ್ದವ್ವನ ಬಿಟ್ಟ ಬರ್ರಿ, ಸುಮ್ಮ ಯಾಕ ಸಾವ್ಕಾರನ ಕೂಡ ಕಿರಿಕಿರಿ," ಅಂದರು. ಟ್ರ್ಯಾಕ್ಟರ್ ಬೇಕಲ್ಲ ಎಲ್ಲರಿಗೂ. ಮೊದಲ ದಿನ ಗೌರವ್ವ ಬಾಗಿಲಿಗೆ ಬಂದು ನಿಂತು, "ಇವತ್ತೊಂದಿನ..." ಅಂತ ಅರ್ಧ ಮಾತಾಡಿ ಹೋದಳು. ಮರುದಿನ ಅರ್ಧ ಮಾತಿಗೂ ಬರಲಿಲ್ಲ. ಏಳು ಹೆಂಗಸರು ಬುತ್ತಿ ಹಿಡಿದು ಓಣಿಯ ತುದಿಯಿಂದ ದಾಟಿ ಹೋಗುವುದನ್ನು ಉದ್ದವ್ವ ನಲವತ್ತು ದಿನ ಬಾಗಿಲಲ್ಲಿ ಕೂತು ನೋಡಿದಳು.

ಸುಮನ ಫೋನಿನಲ್ಲಿ ಅತ್ತಳು. "ಬಿಡ ಯವ್ವಾ ಆ ಊರ. ಹುಕ್ಕೇರಿಗೆ ಬಾ, ನನ್ನ ಕೂಡ ಇರು."

"ಕಳ್ಳಿ ಅನ್ನಿಸ್ಕೊಂಡ ಊರ ಬಿಟ್ರ ಖರೇನ ಕಳ್ಳಿ ಆಗತೇನಿ," ಅಂದಳು ಉದ್ದವ್ವ. "ಅಂವ ಅಂದದ್ದನ್ನ ಅವನ ಬಾಯಿಂದ ಹಿಂದಕ್ಕ ತಗಸ್ತೇನಿ. ಆಮ್ಯಾಲ ಬರೂದಿದ್ರ ಬರ್ತೇನಿ."

ಹೇಗೆ ತೆಗೆಸುವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಸಸಿಗಳಿಗೆ ನೀರು ಚಿಮುಕಿಸುತ್ತ ಕೂತಳು. ಅವು ಊರಿನ ಗೊಡವೆ ಇಲ್ಲದೆ ಬಳ್ಳಿ ಬಿಡುತ್ತಲೇ ಇದ್ದವು.

ಕ್ಷೇತ್ರೋತ್ಸವಕ್ಕೆ ಹತ್ತು ದಿನ ಉಳಿದಾಗ ಅಲ್ಲಪ್ಪನೇ ಹಿರಿಯರನ್ನು ಕೂಡಿಸಿದ. ಹಿರಿಯರೆಂದರೆ ಮುಖ್ಯವಾಗಿ ಸತ್ತೆಪ್ಪಜ್ಜ. ಎಂಬತ್ತು ದಾಟಿದ ಮನುಷ್ಯ. ತನ್ನ ಆಡುಗಳನ್ನು ಅರ್ಧ ಊರಿನ ಬಡವರ ಮನೆಗೆ ಪಾಲಿಗೆ ಕೊಟ್ಟವನು. ಈ ಕಡೆ ಪಾಲಿಗೆ ಸಾಕುವುದೆಂದರೆ ಹೀಗೆ: ಹೆಣ್ಣಾಡು ಒಡೆಯನದು, ಮೇಯಿಸುವ ಕಷ್ಟ ಸಾಕಿದವರದು, ಹುಟ್ಟಿದ ಮರಿಗಳಲ್ಲಿ ಮೊದಲನೆಯದು ಸಾಕಿದವರಿಗೆ, ಎರಡನೆಯದು ಒಡೆಯನಿಗೆ. ಸತ್ತೆಪ್ಪಜ್ಜ ಜಗತ್ತಿನ ಯಾವ ತಂಟೆಯನ್ನೇ ಆದರೂ ಆಡಿನ ಲೆಕ್ಕಕ್ಕೆ ತಂದು ಬಗೆಹರಿಸುತ್ತಿದ್ದ. ಅಣ್ಣತಮ್ಮಂದಿರ ಜಗಳ, ಕಾಲುವೆ ಪಾಳಿ, ಒಮ್ಮೆ ಒಂದು ಮದುವೆ ಕೂಡ.

ಚಾವಡಿ ಕಟ್ಟೆಯ ಮೇಲೆ ಹಿರಿಯರು ಕೂತರು. ಉದ್ದವ್ವ ಕೆಳಗೆ ನಿಂತಳು. "ಮ್ಯಾಲ ಬಾ ತಂಗಿ, ಕುಂಡ್ರು," ಅಂದ ಸತ್ತೆಪ್ಪಜ್ಜ. ಕಟ್ಟೆ ಕಟ್ಟಿ ನೂರು ವರ್ಷದ ಮೇಲೆ ಈ ಮಾತು ಹೊಳೆದದ್ದೂ ಒಂದು ಪ್ರಗತಿಯೇ. ಉದ್ದವ್ವ ಹತ್ತಿ ಕೂತಳು.

ಅಲ್ಲಪ್ಪ ತನ್ನ ದೂರು ಹೇಳಿದ. ಸತ್ತೆಪ್ಪಜ್ಜ ತಂಬಾಕು ತಿಕ್ಕುತ್ತ ಕೇಳಿ, "ಅಲ್ಲಪ್ಪಾ, ಸಾಯಾಕ ಹತ್ತಿದ ಮರಿನ ನೀ ತಿಪ್ಪಿಗೆ ಒಗದಿ. ಇಕಿ ಎತ್ತ್ಕೊಂಡ ಹೋಗಿ ಬದುಕಿಸಿ ದೊಡ್ಡದ ಮಾಡಿದ್ಲು. ಈಗ ಅದು ಈದೈತಿ. ಹೌದಿಲ್ಲೊ?" ಎಂದು ಕೇಳಿದ.

"ಹೌದ್ರಿ. ಆದ್ರ ಮರಿ ನಂದ."

"ಅಂದ್ರ ಪಾಲಿನ ಲೆಕ್ಕ ಆತು. ಒಪ್ಪತೀಯೇನ?"

ಅಲ್ಲಪ್ಪನ ಮುಖ ಅರಳಿತು. ಅರ್ಧ ಸಸಿ ಸಿಕ್ಕರೂ ಬ್ಯಾನರಿನ ಮಾನ ಉಳಿಯುತ್ತದೆ. "ಒಪ್ಪೇನ್ರಿ! ನನ್ನ ಪಾಲು ನನಗ ಕೊಡಸ್ರಿ. ಹತ್ತು ಮಂದಿ ಮುಂದ ಕೇಳತೇನಿ, ನನ್ನ ಪಾಲು ಕೊಡಸ್ರಿ."

ಈಗ ಉದ್ದವ್ವ ಸೆರಗು ಸರಿಮಾಡಿಕೊಂಡಳು.

"ಅಜ್ಜಾರ, ನಾನೂ ಒಪ್ಪೇನ್ರಿ. ಆದ್ರ ಒಂದ ಮಾತು. ನಾ ಒಂದ ತಾಯಿಗೆ ಒಂದ ಬಳ್ಳಿ ಬಿಟ್ಟೇನಿ, ಒಂದೊಂದ ಬಳ್ಳಿಗೆ ಮೂರ ಮೂರ ಸಸಿ ಆಗ್ಯಾವ. ತಾಯಿಗಿಡದಿಂದ ಬಳ್ಳಿ ಹೊಂಟ ಮೊದಲನೇ ಸಸಿ ಆಗತೈತಿ. ಆ ಮೊದಲನೇ ಸಸಿಯಿಂದ ಬಳ್ಳಿ ಹೊಂಟ ಎರಡನೇದ ಆಗತೈತಿ. ಅದರಿಂದ ಮೂರನೇದ. ಮೊದಲನೇ ಮರಿ ಯಾರದ್ರಿ?"

"ಸಾಕಿದಾವ್ರದ. ಅದ ರಿವಾಜ."

"ನನ್ನ ಮರಿ ಈದ ಮರಿ ಯಾರದ್ರಿ?"

"ನಿಂದ. ಮತ್ತ ಯಾರದ ಆಗತೈತಿ?"

"ಅಂದ್ರ ಎರಡನೇದೂ ನಂದ, ಮೂರನೇದೂ ನಂದ. ತಾಯಿಗಿಡ ಅಷ್ಟ ಸಾವ್ಕಾರ್ರದ. ಅವನ್ನ ಒಯ್ಯಾಕ ಹೇಳ್ರಿ. ಮುದುಕಿ ಆಗ್ಯಾವ, ಆದ್ರೂ ಒಯ್ಲಿ."

ಸತ್ತೆಪ್ಪಜ್ಜನ ಕೈಯಲ್ಲಿ ತಂಬಾಕು ಹಾಗೇ ನಿಂತಿತು. ಬೆರಳು ಮಡಚಿ ಮಡಚಿ ನೋಡಿದ. ಎಪ್ಪತ್ತು ವರ್ಷದ ಆಡಿನ ವ್ಯವಹಾರದಲ್ಲಿ ಒಂದು ಮರಿಯ ಬೆನ್ನಿಂದ ಇನ್ನೊಂದು ಮರಿ, ಅದರ ಬೆನ್ನಿಂದ ಮತ್ತೊಂದು, ಒಂದೇ ಹಗ್ಗಕ್ಕೆ ಹುಟ್ಟಿದ್ದನ್ನು ಅವನು ಕಂಡಿರಲಿಲ್ಲ. ಕೊನೆಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟ. "ರಿವಾಜ ಪರಕಾರ ಇಕಿ ಅನ್ನೂದ ಖರೆ ಐತಿ ಅಲ್ಲಪ್ಪಾ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಲ್ಲಪ್ಪನ ಮುಖ ಮಾತ್ರ ಅವನ ಸ್ಟ್ರಾಬೆರಿಯ ಬಣ್ಣಕ್ಕೆ ಬಂತು. "ಹಿಂಗಾದ್ರ ಹೆಂಗ್ರಿ? ಪರ ಊರಾಗಿಂದ ಮಂದಿ ಬರ್ತಾರ..." ಎಂದು ಗೋಗರೆದ.

"ನನಗ ಸಸಿ ಮ್ಯಾಲ ಆಸೆ ಇಲ್ರಿ," ಅಂದಳು ಉದ್ದವ್ವ. "ಅರ್ಧ ಒಯ್ಲಿ. ಚಲೋವ ಆರಿಸ್ಕೊಂಡ ಒಯ್ಲಿ. ಆದ್ರ ಅಜ್ಜಾರ, ಕಳ್ಳಿ ಕಡೆ ಪಾಲ ಕೇಳತಾರೇನ್ರಿ? ಕಳ್ಳಿ ಕೂಡ ಪಾಲಿಗಿ ಕುಂತಾವನೂ ಕಳ್ಳನ ಅಲ್ಲೇನ್ರಿ? ಈಗ ಹತ್ತು ಮಂದಿ ಮುಂದ ಎರಡ ಸಲ ಪಾಲ ಕೇಳ್ಯಾರ. ನಾ ಕಳ್ಳಿ ಅಂದ್ರ ಇವರು ಠಾಣೆಕ ಹೋಗ್ಲಿ, ಒಂದ ಎಲಿನೂ ಕೊಡಂಗಿಲ್ಲ. ನಾ ಪಾಲುಗಾರ್ತಿ ಅಂದ್ರ, ಎಲ್ಲಿ ನಿಂತ ಕಳ್ಳಿ ಅಂದ್ರೊ ಅಲ್ಲೇ ನಿಂತ, ಅದ ಹೊತ್ತಿಗೆ, ಅದ ದನಿಲೆ ಅಲ್ಲ ಅನ್ಲಿ."

ಅಲ್ಲಪ್ಪ ಕೂತಲ್ಲೇ ಹೊರಳಾಡಿದ. "ಆತ ಬಿಡ, ಸಿಟ್ಟಿನ್ಯಾಗ ಒಂದ ಮಾತ ಬಂತು" ಎಂದು ಅಡ್ಡಗೋಡೆಯ ಮೇಲೆ ದೀಪ ಇಡಲು ನೋಡಿದ. ಸತ್ತೆಪ್ಪಜ್ಜ, "ಇಲ್ಲಿ ಅಲ್ಲ, ನಾಕಾದಾಗ," ಎಂದು ಎದ್ದುಬಿಟ್ಟ. ತೀರ್ಪು ಆದ ಮೇಲೆ ಅವನು ಕೂರುವ ಪದ್ಧತಿ ಇಲ್ಲ.

ಮರುದಿನ ಮುಂಜಾನೆ ಚಹಾದಂಗಡಿಯ ಮುಂದೆ ಎಂದಿಲ್ಲದ ಜನ. ಗೋಕಾಕಕ್ಕೆ ಕೆಲಸ ಇಲ್ಲದವರೂ ಬಸ್ಸು ಕಾಯುತ್ತಿದ್ದರು. ಅಲ್ಲಪ್ಪ ಬಿಳೀ ಅಂಗಿ ಹಾಕಿಕೊಂಡು ಬಂದು, ಮೊಬೈಲಿನಲ್ಲಿ ಮುಖ ಇಟ್ಟು, ಸರಿಯಾಗಿ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಏನೋ ವಟಗುಟ್ಟಿದ.

"ಕೇಳಲಿಲ್ರಿ," ಅಂದಳು ಉದ್ದವ್ವ.

"ಅಂದ್ನೆಲ್ಲಾ!"

"ಅವತ್ತ ಹಾರ್ನ್ ಮ್ಯಾಲೂ ಕೇಳಿತ್ತರಿ ನಿಮ್ಮ ದನಿ. ಇವತ್ತ ಕೇಳಲಿಲ್ಲ."

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಸಾಲಾಗಿ ಹೊರಬಂದವು. ಕಂಡಕ್ಟರನೂ ಸೀಟಿ ಕೈಯಲ್ಲಿ ಹಿಡಿದು ನಿಂತ. ಅಲ್ಲಪ್ಪ ಊರ ಕಡೆ ಬೆನ್ನು ಮಾಡಿ, ಗಂಟಲು ಎತ್ತಿ ಹೇಳಿದ: "ಉದ್ದವ್ವ ಕಳ್ಳಿ ಅಲ್ಲ. ಬಳ್ಳಿ ನಾನ ಒಗದಿದ್ದೆ. ಅಕಿ ಸಾಕ್ಯಾಳ."

ಉದ್ದವ್ವ ಮನೆಗೆ ನಡೆದಳು. ಅದೇ ದಿನ ಅವನ ಆಳುಗಳು ಬಂದರು. ತಾನೇ ಒಳ್ಳೆಯ ಸಸಿಗಳನ್ನು ಆರಿಸಿ ಕೊಟ್ಟಳು, ಚಿಗುರುಗಣ್ಣು ಮುಚ್ಚದೆ ಹಚ್ಚಿರೆಂದು ಆಳುಗಳಿಗೆ ಹೇಳಿಯೂ ಕಳಿಸಿದಳು. ಮುಂದೆ ಕ್ಷೇತ್ರೋತ್ಸವವೂ ಭರ್ಜರಿಯಾಗಿ ಆಯಿತು. ಅಲ್ಲಪ್ಪ ಶಾಲು ಹೊದ್ದ. ಹಾಲಿನ ಪಾಕೀಟಿನಲ್ಲಿ ಸಸಿ ಮಾಡುವ ವಿಚಾರ ತನಗೆ ಹೇಗೆ ಹೊಳೆಯಿತು ಎಂಬುದರ ಬಗ್ಗೆ ಅರ್ಧ ತಾಸು ಭಾಷಣ ಮಾಡಿದ. ಮಾಡಲಿ ಬಿಡಿ, ಅವನ ಸುದ್ದಿ ಅಲ್ಲಿಗೆ ಮುಗಿಯಿತು.

ಆದರೆ ಆ ನಾಕಾದ ದಿನದ ಸಂಜೆಯ ಮಾತು ಬೇರೆ. ಸಂಜೆ ಐದಕ್ಕೆ ಉದ್ದವ್ವನ ಅಂಗಳಕ್ಕೆ ರೈತರ ಸಾಲು ಹತ್ತಿತು. ನಲವತ್ತು ದಿನ ಆ ಓಣಿಯ ಹಾದಿ ಮರೆತವರಿಗೆಲ್ಲ ಒಮ್ಮೆಲೇ ಹಾದಿ ನೆನಪಾಗಿತ್ತು.

"ನನಗ ಮೊದಲ ಗೊತ್ತಿತ್ತು ಉದ್ದವ್ವಾ, ನೀ ಅಂಥಾಕಿ ಅಲ್ಲಂತ," ಅಂದ ಒಬ್ಬ. "ನಾ ಮನ್ಯಾಗ ಅವತ್ತ ಅಂದಿದ್ನಿ, ಉದ್ದವ್ವ ಬಂಗಾರದಂಥಾಕಿ ಅಂತ," ಎಂದ ಇನ್ನೊಬ್ಬ. ಮೂರನೆಯವನು, "ಊರಿಗೆ ಗೊತ್ತಿದ್ದ ಮಾತ ಬಿಡ. ನಾಳಿಂದ ಬರ್ರೆಲ್ಲಾ, ಗೋವಿನಜ್ವಾಳದಾಗ ಕಾಲ ಇಡಾಕ ಜಾಗ ಇಲ್ಲ," ಅಂದ.

ಉದ್ದವ್ವ ಎಲ್ಲರಿಗೂ ಚಹಾ ಕೊಟ್ಟಳು. ಕೆಲವರು ಕುಡಿದರು, ಕೆಲವರಿಗೆ ಒಮ್ಮೆಲೇ 'ಪಿತ್ತ' ನೆನಪಾಯಿತು. ಖಾಲಿ ಕಪ್ಪು ಇಸಿದುಕೊಳ್ಳುತ್ತ ಅವಳು ಕೇಳಿದಳು:

"ಎಲ್ಲಾರಿಗೂ ಗೊತ್ತಿತ್ತು ಅನ್ರಿ."

"ಹೌದವಾ, ಗೊತ್ತಿತ್ತು."

"ಗೊತ್ತಿದ್ದ ಮ್ಯಾಲ ನಲವತ್ತ ದಿನಾ ಯಾಕ ಕರೀಲಿಲ್ರಿ?"

ಒಬ್ಬ ಟೋಪಿ ತೆಗೆದು ಝಾಡಿಸಿದ. ಇನ್ನೊಬ್ಬ ಹನಮಂತನ ಆಡುಗಳು ಮೈತುಂಬಿವೆ ಎಂದು ಹೊಗಳಿದ. ಒಬ್ಬೊಬ್ಬರಾಗಿ ಎದ್ದು, "ನಾಳೆ ಬರ್ರಿ ಮತ್ತ," ಎನ್ನುತ್ತ ಚಪ್ಪಲಿ ಹುಡುಕಿದರು. ಉದ್ದವ್ವನಿಗೆ ಅಲ್ಲಪ್ಪನ ಮೇಲೆ ಇದ್ದ ಸಿಟ್ಟು ಮುಂಜಾನೆಯೇ ತೀರಿತ್ತು. ಈ ಸಿಟ್ಟಿಗೆ ಎಲ್ಲಿ ಜಾಗ ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಒಬ್ಬ ಕೆಟ್ಟವನ ಬಾಯಿ ಮುಚ್ಚಿಸುವುದು ಸಸಾರ. ನೂರು ಜನ ಒಳ್ಳೆಯವರ ಬಾಯಿ ತೆರೆಸುವುದು ಆಗದ ಕೆಲಸ.

ಎಲ್ಲರೂ ಹೋದ ಮೇಲೆ ನೋಡಿದರೆ ಗೋಡೆಗೆ ಆತು ಗೌರವ್ವ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ.

"ನೀನೂ ಹೇಳಿ ಬಿಡ," ಅಂದಳು ಉದ್ದವ್ವ. "ನಿನಗೂ ಮೊದಲ ಗೊತ್ತಿತ್ತಲ್ಲ?"

"ನನಗ ಗೊತ್ತಿತ್ತ ಅನ್ನೂದೇನ ಬೇ, ನಾ ಕಣ್ಣಲೆ ನೋಡಿದ್ನಿ. ನೀ ತಿಪ್ಪಿಯಿಂದ ಆರಸಾಕತ್ತಾಗ ಬಾಜೂಕನ ನಿಂತಿದ್ನಿ. ಅವತ್ತ ನಾಕಾದಾಗ ಬಾಯಿ ಬಿಡಬೇಕಾಗಿತ್ತು. ಅಂಜಿದ್ನಿ. ಆಮ್ಯಾಲ ದಿನಾ ನಿನ್ನ ಓಣಿ ದಾಟುವಾಗ ತೆಳಗ ಮಾರಿ ಹಾಕಿ ಹ್ವಾದ್ನಿ. ಹೊಟ್ಟಿ ಐತೆಲ್ಲ ಉದ್ದವ್ವಾ. ಅಷ್ಟ."

ನಲವತ್ತು ದಿನ ಕಣ್ಣಲ್ಲಿ ಒಂದು ಹನಿ ಹಾಕದ ಉದ್ದವ್ವ ಈಗ ಬಿಕ್ಕಿದಳು. ಬಿಕ್ಕುತ್ತಲೇ ಬಾಯಿಗೆ ಬಂದಂತೆ ಬೈಯಲು ಶುರುಮಾಡಿದಳು. ಗೌರವ್ವನ ತವರು, ಗೌರವ್ವನ ಗಂಡನ ಮನೆತನ, ಅವಳು ತಿಂದ ರೊಟ್ಟಿ, ಉಟ್ಟ ಸೀರೆ, ಹಿಡಿದ ಕುರ್ಪಿ, ಒಂದನ್ನೂ ಬಿಡಲಿಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಆಡುಗಳು ಕೂಡ ಮೇವು ಬಿಟ್ಟು ನೋಡಿದವು. ಗೌರವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಎಲ್ಲವನ್ನೂ ನಿಂತು ಹೊಟ್ಟೆಗೆ ಹಾಕಿಕೊಂಡಳು.

ಬೈದು ಬೈದು ಉದ್ದವ್ವನಿಗೆ ದಣಿವಾಯಿತು. ಹೊಸ್ತಿಲ ಮೇಲೆ ಕೂತಳು. ತಂಬಿಗೆ ಎತ್ತಿ ನೀರು ಕುಡಿದು, ತಂಬಿಗೆಯನ್ನು ಗೌರವ್ವನ ಕಡೆ ದೂಡಿದಳು.

"ನಾಳೆ ಯಾರ ಹೊಲಾ?"

"ಮಸಗುಪ್ಪಿ ಹಾದ್ಯಾಗಿಂದು."

"ಎಷ್ಟೊತ್ತಿಗಿ ಹೋಗೂದಂತ?"

ಗೌರವ್ವ ತಂಬಿಗೆ ಕೆಳಗಿಟ್ಟಳು. "ನೀ ಹೇಳಿದಷ್ಟೊತ್ತಿಗಿ," ಅಂದಳು.